ದರ್ಜಿಯ ಕಾಗದ

ಪುಸ್ತಕಗಳ ಲೋಕದಲ್ಲೂ ಪಂಕ್ತಿಭೇದ ಉಂಟು. ಮೊದಲ ಸಾಲಿನಲ್ಲಿ ಪ್ರಶಸ್ತಿ ಬಂದ ಕಾದಂಬರಿಗಳು, ಅವುಗಳ ಹಿಂದೆ ಪತ್ತೇದಾರಿ, ಅದರ ಹಿಂದೆ ವೈಜ್ಞಾನಿಕ ಕಥೆ. ತೀರ ಕೊನೆಗೆ, ಬಾಗಿಲ ಪಕ್ಕ, ಟೈ-ಇನ್ ಕಾದಂಬರಿ. ಟೆಲಿವಿಷನ್ನಿನಲ್ಲೋ ಸಿನಿಮಾದಲ್ಲೋ ಆಗಲೇ ಮನೆಮಾತಾದ ಪಾತ್ರಗಳನ್ನು ಇಟ್ಟುಕೊಂಡು, ಅವುಗಳ ಒಡೆತನ ಇರುವ ಕಂಪನಿಯ ಅನುಮತಿ ಪಡೆದು, ಬೇರೊಬ್ಬರು ಬರೆಯುವ ಕಾದಂಬರಿ ಅದು. ನಮ್ಮಲ್ಲಿ ಈ ಜಾತಿ ಅಷ್ಟಾಗಿ ಬೆಳೆಯಲಿಲ್ಲ. ನಮ್ಮದು ಉಲ್ಟಾ ದಾರಿ. ಮೊದಲು ಪುಸ್ತಕ, ಆಮೇಲೆ ಪರದೆ, ಆರ್. ಕೆ. ನಾರಾಯಣರ ಮಾಲ್ಗುಡಿಯನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಹುಡುಕಿಕೊಂಡ ಹಾಗೆ. ಅಮೆರಿಕದಲ್ಲಿ ಮಾತ್ರ ಇದೊಂದು ದೊಡ್ಡ ವ್ಯಾಪಾರ. ರೈಲು ನಿಲ್ದಾಣದ, ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಇಂಥ ಪುಸ್ತಕಗಳು ಸಾಲಾಗಿ ನಿಂತಿರುತ್ತವೆ. ರಕ್ಷಾಪುಟದ ಮೇಲೆ ನಟರ ಮುಖ ದೊಡ್ಡದು, ಬರೆದವರ ಹೆಸರು ಸಣ್ಣದು. ಒಳಗೆ ಹಕ್ಕುಗಳ ಪುಟ ತೆರೆದರೆ ಅಲ್ಲಿ ಲೇಖಕರ ಹೆಸರೇ ಇಲ್ಲ, ಸ್ಟುಡಿಯೋದ ಹೆಸರು.

ವಿಮರ್ಶಕರು ಈ ಪುಸ್ತಕಗಳನ್ನು ಕಡೆಗಣಿಸುವುದಕ್ಕೆ ಕಾರಣ ಇಲ್ಲದೆ ಇಲ್ಲ. ಧಾರಾವಾಹಿ ಇನ್ನೂ ಓಡುತ್ತಿರುವಾಗ ಬರೆಯುವ ಕಾದಂಬರಿಯಲ್ಲಿ ನಾಯಕ ಸಾಯುವಂತಿಲ್ಲ, ಮದುವೆಯಾಗುವಂತಿಲ್ಲ, ಒಂದು ಕೈ ಕಳೆದುಕೊಳ್ಳುವಂತಿಲ್ಲ. ಮುಂದಿನ ವಾರದ ಕಂತಿನಲ್ಲಿ ಅವನು ಮೊದಲಿನಂತೆಯೇ ಬರಬೇಕಲ್ಲ! ಹೀಗಾಗಿ ಲೇಖಕ ಮುನ್ನೂರು ಪುಟ ಗುಡುಗಿ, ಕೊನೆಯ ಪುಟದಲ್ಲಿ ಎಲ್ಲವನ್ನೂ ಇದ್ದಲ್ಲಿಗೇ ಇಟ್ಟು ಬರಬೇಕು. ಏನು ನಡೆದರೂ ಅದರ ಗುರುತು ಉಳಿಯಬಾರದು ಎಂಬ ಕರಾರಿನ ಮೇಲೆ ಬರೆದ ಕಥೆಯಲ್ಲಿ ಜೀವ ಎಲ್ಲಿಂದ ಬರಬೇಕು ಹೇಳಿ.

ಹಾಗಿದ್ದೂ ಈ ಕರಾರಿನೊಳಗೆ ಒಳ್ಳೆಯ ಲೇಖಕರು ಕೆಲಸ ಮಾಡಿದ್ದಾರೆ. 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ನೋಡಿದ ಕೇಳುಗರಿಗೆ ಕಿವಿ ಚೂಪಾಗಿರುವ ಸ್ಪಾಕ್ ನೆನಪಿರಬಹುದು. ಆ ಧಾರಾವಾಹಿಯ ಕಂತುಗಳನ್ನು 1967ರಿಂದ ಸಣ್ಣಕಥೆಗಳಾಗಿ ಬರೆದವರು ಜೇಮ್ಸ್ ಬ್ಲಿಶ್. ಸಾಮಾನ್ಯರಲ್ಲ, ವೈಜ್ಞಾನಿಕ ಕಾದಂಬರಿಗೆ ಹ್ಯೂಗೋ ಪ್ರಶಸ್ತಿ ಪಡೆದವರು. 1970ರಲ್ಲಿ ಅವರು 'ಸ್ಪಾಕ್ ಮಸ್ಟ್ ಡೈ!' ಎಂಬ ಸ್ವತಂತ್ರ ಕಾದಂಬರಿಯನ್ನೂ ಬರೆದರು. 1981ರಲ್ಲಿ ವೊಂಡಾ ಮ್ಯಾಕಿನ್‌ಟೈರ್ ತಮ್ಮ ಕಾದಂಬರಿಯಲ್ಲಿ ನೌಕೆಯ ಚಾಲಕ ಸುಲೂಗೆ ಹಿಕಾರು ಎಂಬ ಮೊದಲ ಹೆಸರಿಟ್ಟರು. ಅಲ್ಲಿಯ ತನಕ ಆ ಪಾತ್ರಕ್ಕೆ ಪರದೆಯ ಮೇಲೆ ಮೊದಲ ಹೆಸರೇ ಇರಲಿಲ್ಲ. ಹತ್ತು ವರ್ಷದ ಮೇಲೆ, 1991ರ ಸಿನಿಮಾದಲ್ಲಿ ಆ ಹೆಸರು ಅಧಿಕೃತವಾಯಿತು. ಬಾಗಿಲ ಪಕ್ಕ ಕೂತ ಪುಸ್ತಕ ಒಳಮನೆಗೆ ಹೆಸರು ಕೊಟ್ಟಂತಾಯಿತು.

ಇವತ್ತು ನಾನು ಹೇಳಹೊರಟಿರುವುದು ಇನ್ನೊಂದು ಪುಸ್ತಕದ ವಿಷಯ. 'ಎ ಸ್ಟಿಚ್ ಇನ್ ಟೈಮ್', 2000ದಲ್ಲಿ ಪಾಕೆಟ್ ಬುಕ್ಸ್ ಪ್ರಕಟಿಸಿದ ಕಾದಂಬರಿ. ಅದರ ಮೂಲ 'ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್' ಎಂಬ ಧಾರಾವಾಹಿ. ಬರೆದವರು ಆಂಡ್ರ್ಯೂ ರಾಬಿನ್ಸನ್. ಕಾದಂಬರಿಕಾರರಲ್ಲ. ಆ ಧಾರಾವಾಹಿಯಲ್ಲಿ ಯಾವ ಪಾತ್ರವನ್ನು ಏಳು ವರ್ಷ ಆಡಿದ್ದರೋ ಆ ಪಾತ್ರದ ಆತ್ಮಕಥೆಯನ್ನೇ ಬರೆದ ನಟ. ಸಿನಿಮಾ ತಾರೆಯರ ಹೆಸರಿನಲ್ಲಿ ಬರುವ ಪುಸ್ತಕಗಳನ್ನು ಬಹಳ ಸಲ ಯಾರೋ ಕತ್ತಲಲ್ಲಿ ಕೂತು ಬರೆದಿರುತ್ತಾರೆ. ಇದು ಹಾಗಲ್ಲ, ರಾಬಿನ್ಸನ್ ಕೂತು ಬರೆದದ್ದು.

ಮೊದಲು ಧಾರಾವಾಹಿಯ ಬಗ್ಗೆ ನಾಲ್ಕು ಮಾತು, ಇಲ್ಲದಿದ್ದರೆ ಮುಂದಿನದು ಹಿಡಿಯುವುದಿಲ್ಲ. 'ಡೀಪ್ ಸ್ಪೇಸ್ ನೈನ್' 1993ರಿಂದ 1999ರ ತನಕ ಏಳು ಸರಣಿಗಳಲ್ಲಿ ಬಂತು. ಇಲ್ಲಿ ಲೋಕ ಸುತ್ತುವ ನೌಕೆ ಇಲ್ಲ, ಒಂದೇ ಕಡೆ ನಿಂತ ಬಾಹ್ಯಾಕಾಶ ನಿಲ್ದಾಣ ಇದೆ. ಅದನ್ನು ಕಟ್ಟಿದವರು ಕಾರ್ಡ್ಯಾಸಿಯನ್ನರು. ಬೇಜೋರ್ ಎಂಬ ಪಕ್ಕದ ಗ್ರಹವನ್ನು ಅವರು ಸುಮಾರು ಐವತ್ತು ವರ್ಷ ಆಕ್ರಮಿಸಿಕೊಂಡಿದ್ದರು. ಬೇಜೋರಿನ ಜನರನ್ನು ಗುಲಾಮರಾಗಿ ದುಡಿಸಿ ಅದಿರು ಸಂಸ್ಕರಿಸಿದ ಜಾಗವೇ ಈ ನಿಲ್ದಾಣ. ಕಥೆ ಶುರುವಾಗುವಾಗ ಕಾರ್ಡ್ಯಾಸಿಯನ್ನರು ತೊಲಗಿದ್ದಾರೆ. ಒಬ್ಬ ಮಾತ್ರ ಉಳಿದಿದ್ದಾನೆ, ಅವನೇ ಗ್ಯಾರಕ್. ತಾನು ಬರೀ ದರ್ಜಿ ಎಂದು ಹೇಳಿಕೊಂಡು ಬಟ್ಟೆ ಹೊಲಿಯುತ್ತಾನೆ. ಅವನು ಗುಪ್ತಚರ ಎಂದು ಎಲ್ಲರಿಗೂ ಅನುಮಾನ. ಸ್ವದೇಶದಿಂದ ಗಡಿಪಾರಾದವನು, ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಯಾರನ್ನು ತುಳಿದ ಜನಾಂಗಕ್ಕೆ ತಾನು ಸೇರಿದವನೋ ಅವರ ನಡುವೆಯೇ, ದಿನವೂ ಅವರ ಕಣ್ಣು ಎದುರಿಸುತ್ತ, ಸೂಜಿ ಹಿಡಿದು ಬದುಕಬೇಕು.

ನಿಲ್ದಾಣದ ತರುಣ ವೈದ್ಯ ಜೂಲಿಯನ್ ಬಶೀರ್ ಜೊತೆ ಅವನಿಗೆ ಸ್ನೇಹ. ಬಶೀರ್ ಪಾತ್ರ ಮಾಡಿದವರು ಸುಡಾನ್ ಮೂಲದ ನಟ ಅಲೆಕ್ಸಾಂಡರ್ ಸಿದ್ದಿಗ್. ಇಬ್ಬರೂ ಮಧ್ಯಾಹ್ನದ ಊಟಕ್ಕೆ ಕೂತು ಸಾಹಿತ್ಯ ಚರ್ಚಿಸುತ್ತಾರೆ. ನಂಬಿ, ಬಾಹ್ಯಾಕಾಶದ ಧಾರಾವಾಹಿಯಲ್ಲಿ ನನಗೆ ಬಹಳ ಹಿಡಿಸಿದ್ದು ಯುದ್ಧನೌಕೆಗಳಲ್ಲ, ಈ ಊಟದ ಮೇಜು. ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ಗ್ಯಾರಕ್‌ಗೆ ರುಚಿಸುವುದಿಲ್ಲ. ಪಕ್ಕದಲ್ಲೇ ಇರುವ ದ್ರೋಹಿಯನ್ನು ಗುರುತಿಸಲಾರದ ದೊರೆ ಎಂಥ ದೊರೆ ಎಂಬುದು ಅವನ ತಕರಾರು. ಅವನ ನಾಡಿನ ಪತ್ತೇದಾರಿ ಕಾದಂಬರಿಗಳ ರೀತಿಯೇ ಬೇರೆ. ಅವುಗಳಲ್ಲಿ ಶಂಕಿತರೆಲ್ಲರೂ ಅಪರಾಧಿಗಳೇ. ಓದುಗ ಕಂಡುಹಿಡಿಯಬೇಕಾದದ್ದು ಇಷ್ಟೇ: ಯಾರ ಅಪರಾಧ ಯಾವುದು? ಈ ಮಾತನ್ನು ಸ್ವಲ್ಪ ಮನಸ್ಸಿನಲ್ಲಿಡಿ.

1994ರಲ್ಲಿ ಬಂದ 'ದಿ ವೈರ್' ಎಂಬ ಕಂತು ಈ ಪಾತ್ರದ ಬೀಗದ ಕೈ. ಗ್ಯಾರಕ್‌ನ ತಲೆಯೊಳಗೆ ಒಂದು ಯಂತ್ರ ಇದೆ. ಚಿತ್ರಹಿಂಸೆಗೆ ಸಿಕ್ಕರೆ ನೋವು ತಿಳಿಯದಿರಲಿ ಎಂದು ಗುಪ್ತಚರ ಸಂಸ್ಥೆ ಕೂರಿಸಿದ್ದು. ಗಡಿಪಾರಿನ ನೋವು ತಾಳಲಾರದೆ ಅದನ್ನೇ ಅವನು ದಿನವೂ ಚಾಲೂ ಇಟ್ಟುಕೊಂಡು ಚಟಕ್ಕೆ ಬಿದ್ದಿದ್ದಾನೆ. ಯಂತ್ರ ಕೆಡುತ್ತದೆ, ಅವನು ಸಾಯುವ ಸ್ಥಿತಿಗೆ ಬರುತ್ತಾನೆ. ತಾನು ಯಾಕೆ ಗಡಿಪಾರಾದೆ ಎಂದು ಬಶೀರ್‌ಗೆ ಒಂದು ಕಥೆ ಹೇಳುತ್ತಾನೆ. ಆಮೇಲೆ ಅದಕ್ಕೆ ವಿರುದ್ಧವಾದ ಇನ್ನೊಂದು. ಆಮೇಲೆ ಮೂರನೆಯದು. ಮೂರರಲ್ಲೂ ಎಲಿಮ್ ಎಂಬ ಒಬ್ಬ ಬರುತ್ತಾನೆ, ಒಮ್ಮೆ ಸಹಾಯಕ, ಒಮ್ಮೆ ಬಾಲ್ಯದ ಗೆಳೆಯ. ಕೊನೆಗೆ ಗೊತ್ತಾಗುವುದೇನು? ಎಲಿಮ್ ಎಂಬುದು ಗ್ಯಾರಕ್‌ನದೇ ಹೆಸರು. ತನಗೆ ತಾನೇ ಮಾಡಿಕೊಂಡ ದ್ರೋಹವನ್ನು ಮೂರು ಸುಳ್ಳುಗಳಲ್ಲಿ ನಿಜವಾಗಿಯೇ ಹೇಳಿದ್ದ.

ಇಂಥ ಪಾತ್ರ ಕೈಗೆ ಸಿಕ್ಕ ನಟ ಸುಮ್ಮನೆ ಕೂರುತ್ತಾನೆಯೆ? ರಾಬಿನ್ಸನ್ ರಂಗಭೂಮಿಯಿಂದ ಬಂದವರು. ಲಂಡನ್ನಿನಲ್ಲಿ ನಾಟಕ ಕಲಿತವರು, ಮುಂದೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ನಟನೆ ಕಲಿಸಿದವರು. ಸಿನಿಮಾ ಜನ ಅವರನ್ನು ಗುರುತಿಸುತ್ತಿದ್ದದ್ದು 1971ರ 'ಡರ್ಟಿ ಹ್ಯಾರಿ'ಯಿಂದ. ಅದರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಬೆನ್ನಟ್ಟುವ ಹುಚ್ಚು ಕೊಲೆಗಾರ ಇವರೇ. ಆ ಪಾತ್ರ ಎಷ್ಟು ಅಂಟಿಕೊಂಡಿತೆಂದರೆ ಜನ ಇವರಿಗೇ ಕೊಲೆ ಬೆದರಿಕೆ ಹಾಕಿದರು. ಗ್ಯಾರಕ್ ಆಗಲು ಮುಖಕ್ಕೆ, ಕತ್ತಿಗೆ ರಬ್ಬರಿನ ಏಣುಗಳನ್ನು ಅಂಟಿಸಿಕೊಂಡು ಗಂಟೆಗಟ್ಟಲೆ ಕೂರಬೇಕಿತ್ತು. ಅಷ್ಟೆಲ್ಲ ಮುಚ್ಚಿದ ಮೇಲೆ ನಟನಿಗೆ ಉಳಿಯುವುದು ಕಣ್ಣು ಮತ್ತು ದನಿ ಎರಡೇ. 1993ರ ಜನವರಿಯ ಒಂದು ಕಂತಿನಲ್ಲಿ ಬಂದು ಹೋದ ಪಾತ್ರ ಮತ್ತೆ ಕಾಣಿಸಿದ್ದು ಮುಂದಿನ ಸರಣಿಯಲ್ಲೇ. ಕೊನೆಯವರೆಗೂ ಶೀರ್ಷಿಕೆಯಲ್ಲಿ ಅವರು 'ಅತಿಥಿ ನಟ'. ಆದರೂ ಮೂವತ್ತಕ್ಕೂ ಹೆಚ್ಚು ಕಂತುಗಳಲ್ಲಿ ಬಂದರು.

ಬಿಡುವಿನಲ್ಲಿ ಅವರು ಗ್ಯಾರಕ್‌ನ ದಿನಚರಿ ಬರೆಯತೊಡಗಿದರು. ಪಾತ್ರದ ಹಿನ್ನೆಲೆ ತನಗೆ ಸ್ಪಷ್ಟವಾಗಲಿ ಎಂದು ನಟರು ಮಾಡಿಕೊಳ್ಳುವ ಸಿದ್ಧತೆ ಅದು. ಅಭಿಮಾನಿಗಳ ಸಮಾವೇಶಗಳಲ್ಲಿ ವೇದಿಕೆಗೆ ಕರೆದಾಗ, ಅದೇ ಹಳೆಯ ಚಿತ್ರೀಕರಣದ ಹಾಸ್ಯಪ್ರಸಂಗಗಳನ್ನು ಹೇಳುವ ಬದಲು, ಈ ದಿನಚರಿಯ ಪುಟಗಳನ್ನು ಓದಿದರು. ಜನ ಕೇಳಿದರು, ಇನ್ನೂ ಬೇಕೆಂದರು. ಲೇಖಕ ಡೇವಿಡ್ ಜಾರ್ಜ್ ಇದು ಕಾದಂಬರಿಯಾಗಬೇಕು ಎಂದು ಹುರಿದುಂಬಿಸಿದರು. ಅದೇ ಧಾರಾವಾಹಿಯ ಇನ್ನೊಬ್ಬ ನಟ ಆರ್ಮಿನ್ ಶಿಮರ್‌ಮನ್ ಜೊತೆ ಸೇರಿ ಈ ಜಾರ್ಜ್ ಆಗಲೇ ಒಂದು ಕಾದಂಬರಿ ಬರೆದಿದ್ದರು.

ತಾಳಮದ್ದಳೆ ಕೇಳಿದವರಿಗೆ ಇದು ಹೊಸತಲ್ಲ. ಪ್ರಸಂಗದಲ್ಲಿ ಪದ್ಯ ಎರಡೇ ಸಾಲು. ಕರ್ಣನ ಅರ್ಥ ಹೇಳುವವರು ಅಷ್ಟರಿಂದಲೇ ಅವನ ಹುಟ್ಟು, ಅವಮಾನ, ಋಣ ಎಲ್ಲವನ್ನೂ ಎಳೆದು ಅರ್ಧ ಗಂಟೆ ವಾದಿಸುತ್ತಾರೆ. ಕವಿ ಬರೆಯದ್ದನ್ನು ಹೇಳಿದರೂ ಕವಿಗೆ ವಿರುದ್ಧ ಹೋಗುವಂತಿಲ್ಲ. ರಾಬಿನ್ಸನ್ ಮಾಡಿದ್ದು ಆ ಬಗೆಯ ಅರ್ಥಗಾರಿಕೆ. ಧಾರಾವಾಹಿಯ ಒಂದು ಸಾಲನ್ನೂ ಸುಳ್ಳಾಗಿಸದೆ, ಸಾಲುಗಳ ನಡುವಿನ ಜಾಗವನ್ನೆಲ್ಲ ತುಂಬಿದರು.

ಅವರ ಅದೃಷ್ಟ ಇನ್ನೊಂದಿತ್ತು. ಕಾದಂಬರಿ ಬರುವ ಹೊತ್ತಿಗೆ ಧಾರಾವಾಹಿ ಮುಗಿದು ಒಂದು ವರ್ಷವಾಗಿತ್ತು. ಆಗಲೇ ಹೇಳಿದೆನಲ್ಲ, ಎಲ್ಲವನ್ನೂ ಇದ್ದಲ್ಲಿಗೇ ಇಡಬೇಕು ಎಂಬ ಕರಾರು; ಅದು ಸಡಿಲವಾಯಿತು. ಇನ್ನು ಮುಂದಿನ ವಾರದ ಕಂತು ಎಂಬುದಿಲ್ಲ. ಮನುಷ್ಯ ಬದಲಾಗಬಹುದು, ದೇಶ ಬದಲಾಗಬಹುದು.

ದೇಶ ಬದಲಾಗಿಯೂ ಇತ್ತು. ಧಾರಾವಾಹಿಯ ಕೊನೆಯ ಹೊತ್ತಿಗೆ ಕಾರ್ಡ್ಯಾಸಿಯ, ಡೊಮಿನಿಯನ್ ಎಂಬ ದೊಡ್ಡ ಶಕ್ತಿಯ ಜೊತೆ ಕೈಜೋಡಿಸಿ ಯುದ್ಧಕ್ಕಿಳಿದು, ಕೊನೆಗೆ ಅದರ ವಿರುದ್ಧ ತಿರುಗಿಬಿದ್ದು, ಸೇಡಿಗೆ ತುತ್ತಾಗಿತ್ತು. 80 ಕೋಟಿ ಜನ ಸತ್ತಿದ್ದರು. ಗಡಿಪಾರಾದ ಗ್ಯಾರಕ್ ಕೊನೆಗೂ ತನ್ನೂರಿಗೆ ಮರಳಿದ್ದ, ಆದರೆ ಮರಳಲು ಊರೇ ಇರಲಿಲ್ಲ. ಕಾದಂಬರಿ ಅಲ್ಲಿಂದ ಶುರು. ಬೂದಿ, ಹೆಣಗಳ ನಡುವೆ ಒಂದು ತೋಟದ ಶೆಡ್ಡಿನಲ್ಲಿ ಕೂತು ಗ್ಯಾರಕ್ ತನ್ನ ವೈದ್ಯ ಗೆಳೆಯ ಬಶೀರ್‌ಗೆ ಉದ್ದನೆಯ ಕಾಗದ ಬರೆಯುತ್ತಾನೆ. ಇಡೀ ಪುಸ್ತಕ ಆ ಒಂದು ಕಾಗದ.

ಕಾಗದದಲ್ಲಿ ಮೂರು ಕಾಲಗಳು ಹೆಣೆದುಕೊಂಡಿವೆ. ಒಂದು, ಯುದ್ಧದ ನಂತರದ ಈಗಿನದು. ಎರಡನೆಯದು ನಿಲ್ದಾಣದಲ್ಲಿ ಯುದ್ಧದ ಕೊನೆಯ ತಿಂಗಳುಗಳು. ಇದು ಧಾರಾವಾಹಿಯ ನೆರಳು, ಓದಿ ಮುಂದೆ ಹೋಗಬಹುದು. ಮೂರನೆಯದು ಬಾಲ್ಯ, ಪುಸ್ತಕದ ತೂಕ ಇರುವುದು ಇಲ್ಲಿ. ಬಮಾರೆನ್ ಎಂಬ ವಸತಿಶಾಲೆ. ಮಕ್ಕಳನ್ನು ಎಳವೆಯಲ್ಲೇ ಕಿತ್ತು ತಂದು ಗುಪ್ತಚರರನ್ನಾಗಿ ಬೆಳೆಸುವ ಕಾರ್ಖಾನೆ. ಅಲ್ಲಿ ಮಕ್ಕಳಿಗೆ ಹೆಸರಿಲ್ಲ. ಗುಂಪಿನ ಹೆಸರಿನ ಮುಂದೆ ಒಂದು ಸಂಖ್ಯೆ. ಎಲಿಮ್ ಹೋಗಿ 'ಹತ್ತನೆಯ ಲುಬಾಕ್' ಆಗುತ್ತಾನೆ. ಅಲ್ಲಿ ಅವನಿಗೆ ಕಲಿಸುವ ಮುಖ್ಯ ವಿದ್ಯೆ ಕಣ್ಣಿಗೆ ಬೀಳದಿರುವುದು. ಸ್ನೇಹ ಮಾಡಿದರೆ ಅದು ದುರ್ಬಲತೆ, ಪ್ರೀತಿಸಿದರೆ ಅಪರಾಧ. ಅವನು ಎರಡನ್ನೂ ಮಾಡುತ್ತಾನೆ. ಪ್ಯಾಲನ್‌ಡೀನ್ ಎಂಬ ಹುಡುಗಿಯ ಮೇಲಿನ ಆಸೆ ಅವನನ್ನು ಜೀವಮಾನವಿಡೀ ಬಿಡುವುದಿಲ್ಲ. ಟೆಲಿವಿಷನ್ನಿನಲ್ಲಿ ಮೂರು ಸುಳ್ಳುಗಳಲ್ಲಿ ಮುಚ್ಚಿಟ್ಟ ಗಡಿಪಾರಿನ ಬೇರು ಅಲ್ಲೇ ಇದೆ. ರಾಬಿನ್ಸನ್ ಅವರ ತಂದೆ ಎರಡನೇ ಮಹಾಯುದ್ಧದಲ್ಲಿ ಸತ್ತಾಗ ಮಗನಿಗೆ ಮೂರು ವರ್ಷ. ಮುಂದೆ ಹಟಮಾರಿ ಹುಡುಗನೆಂದು ವಸತಿಶಾಲೆಗೆ ಸೇರಿಸಿದ್ದರು. ಈ ಭಾಗದ ಬಿಸಿ ಎಲ್ಲಿಂದ ಬಂತೆಂದು ಊಹಿಸಲು ನನಗೆ ಕಷ್ಟವಾಗುವುದಿಲ್ಲ.

ಮನೆಯಲ್ಲಿ ಇಬ್ಬರು ತಂದೆಯರು. ಹೆತ್ತ ತಂದೆ ಎನಾಬ್ರನ್ ಟೇನ್, ಗುಪ್ತಚರ ಸಂಸ್ಥೆಯ ಮುಖ್ಯಸ್ಥ, ಮಗನೆಂದು ಬಾಯಿಬಿಟ್ಟು ಒಪ್ಪಿಕೊಳ್ಳದವನು. ಸಾಕಿದ ತಂದೆ ಟೋಲನ್, ಸ್ಮಾರಕ ಭೂಮಿಯ ತೋಟಗಾರ, ಆರ್ಕಿಡ್ ಹೂಗಳನ್ನು ಬೆಳೆಸುವವನು. ಟೋಲನ್ ಮಗನಿಗೆ ಕಾರ್ಡ್ಯಾಸಿಯದ ಹಳೆಯ ಹೆಬಿಟಿಯನ್ ನಾಗರಿಕತೆಯ ಕಥೆ ಹೇಳುತ್ತಾನೆ. ಸೈನ್ಯ, ಸಾಮ್ರಾಜ್ಯ ಬರುವ ಮುಂಚೆ ಆ ಜನ ಬೇರೊಂದು ರೀತಿ ಬದುಕಿದ್ದರು ಎನ್ನುತ್ತಾನೆ. ಈ ಹೆಬಿಟಿಯನ್ನರು ರಾಬಿನ್ಸನ್ ಅವರ ಸೃಷ್ಟಿಯಲ್ಲ. 1992ರಲ್ಲಿ ಬೇರೊಂದು ಸ್ಟಾರ್ ಟ್ರೆಕ್ ಧಾರಾವಾಹಿಯ ಒಂದು ಕಂತಿನಲ್ಲಿ, ಚಿತ್ರಹಿಂಸೆ ಕೊಡುವ ಅಧಿಕಾರಿಯೊಬ್ಬನ ಮಾತಿನಲ್ಲಿ ಸುಳಿದು ಹೋದವರು. ಆ ಎರಡು ಮಾತಿನ ಮೇಲೆ ರಾಬಿನ್ಸನ್ ಒಂದು ಧರ್ಮವನ್ನೇ ಕಟ್ಟಿದರು. ಮುಂದೆ ಬಂದ ಲೇಖಕರು ಅದನ್ನು ಹಾಗೇ ಎತ್ತಿಕೊಂಡರು.

ಡಾ. ಪಾರ್ಮಾಕ್ ವಿಷಯ ಹೇಳದೆ ಮುಂದೆ ಹೋಗಲಾರೆ. 1995ರ ಒಂದು ಕಂತಿನಲ್ಲಿ ಟೇನ್ ಹಳೆಯ ದಿನಗಳನ್ನು ನೆನೆದು ಹೆಮ್ಮೆಯಿಂದ ಹೇಳುತ್ತಾನೆ: ಗ್ಯಾರಕ್ ಒಮ್ಮೆ ಪಾರ್ಮಾಕ್ ಎಂಬ ವೈದ್ಯನನ್ನು ಮುಟ್ಟದೆ, ಮಾತಾಡದೆ, ನಾಲ್ಕು ಗಂಟೆ ಬರೀ ದಿಟ್ಟಿಸಿ ನೋಡಿ ತಪ್ಪೊಪ್ಪಿಗೆ ಹೊರಡಿಸಿದ. ನಗು ತರಿಸುವ ಒಂದು ಮಾತು, ಅಷ್ಟಕ್ಕೇ ಮುಗಿಯಿತು. ಆ ಪಾರ್ಮಾಕ್‌ನ ಮುಖವನ್ನೂ ನಾವು ನೋಡಲಿಲ್ಲ. ಕಾದಂಬರಿಯಲ್ಲಿ ಅವನು ಮನುಷ್ಯನಾಗಿ ಬರುತ್ತಾನೆ. ಹಾಳಾದ ನಗರದಲ್ಲಿ ಗಾಯಾಳುಗಳಿಗೆ ನೆರವಾಗುವ ತಂಡದಲ್ಲಿ ಗ್ಯಾರಕ್‌ನ ಪಕ್ಕದಲ್ಲೇ ಕೆಲಸ ಮಾಡುತ್ತಾನೆ. ಹಿಂಸಿಸಿದವನೂ ಹಿಂಸೆಗೆ ಒಳಗಾದವನೂ ಒಂದೇ ಕಲ್ಲನ್ನು ಎರಡು ಕಡೆಯಿಂದ ಎತ್ತಬೇಕು. ಅವರ ಸ್ನೇಹ ಬೆಳೆಯುವ ಪುಟಗಳೇ ಈ ಪುಸ್ತಕದ ಅತ್ಯುತ್ತಮ ಪುಟಗಳು. ಬೇರೆ ಯಾವ ಲೇಖಕನೂ ಆ ಒಂದು ಹೆಸರನ್ನು ಹೆಕ್ಕಿ ತೆಗೆಯುತ್ತಿರಲಿಲ್ಲ. ಆ ದೃಶ್ಯದಲ್ಲಿ ನಿಂತು ಆ ಮಾತು ಕೇಳಿಸಿಕೊಂಡ ನಟನಿಗೆ ಮಾತ್ರ ಅದು ಮನಸ್ಸಿನಲ್ಲಿ ಉಳಿದಿತ್ತು.

ಟೇನ್ ಮನೆ ಕುಸಿದ ಜಾಗದಲ್ಲಿ ಗ್ಯಾರಕ್ ಕಲ್ಲುಮಣ್ಣನ್ನು ಒಂದರ ಮೇಲೊಂದು ಪೇರಿಸುತ್ತಾನೆ. ಆ ಮನೆಯಲ್ಲೇ ಕೊನೆಯ ದಿನ ಕೊಲೆಯಾದ ತನ್ನ ತಾಯಿ ಮೀಲಾಳ ನೆನಪಿಗೆ. ನೋಡಿದ ಜನ ತಾವೂ ಬರತೊಡಗುತ್ತಾರೆ. ತಮ್ಮ ಸತ್ತವರಿಗಾಗಿ ಅಲ್ಲಿ ನಿಂತು ಅಳುತ್ತಾರೆ. ನಾಡಿನ ಮುಂದಿನ ಆಡಳಿತ ಹೇಗಿರಬೇಕು ಎಂಬ ವಾದವೂ ಅಲ್ಲೇ ನಡೆಯುತ್ತದೆ. ಹಳೆಯ ಸೇನಾಧಿಕಾರಿಗಳ ಬಣ ಒಂದು, ಪ್ರಜಾಪ್ರಭುತ್ವ ಬೇಕೆನ್ನುವವರ ಬಣ ಒಂದು.

ಗೆದ್ದವರ ಕಥೆಯನ್ನು, ನೊಂದವರ ಕಥೆಯನ್ನು ನಾವು ಬೇಕಾದಷ್ಟು ಓದಿದ್ದೇವೆ. ಅನ್ಯಾಯ ಮಾಡಿ ಸೋತ ದೇಶದೊಳಗಿಂದ, ಅದರ ಗುಪ್ತ ಪೊಲೀಸನೇ ಬರೆದ ಕಥೆ ಎಷ್ಟು ಇದೆ? ಇಲ್ಲಿ ಕಾಗದ ಬರೆಯುವವನು ತನ್ನ ಜನ ಸತ್ತರೆಂದು ಅಳುತ್ತಾನೆ, ಆ ಸಾವನ್ನು ತನ್ನ ಜನರೇ ಕರೆತಂದರು ಎಂಬುದನ್ನೂ ಅಲ್ಲಗಳೆಯುವುದಿಲ್ಲ. ಮಧ್ಯಾಹ್ನದ ಊಟದ ಮೇಜಿನ ಆ ಪತ್ತೇದಾರಿ ಕಾದಂಬರಿಗಳನ್ನು ಮನಸ್ಸಿನಲ್ಲಿಡಲು ಹೇಳಿದ್ದೆ. ಇದೂ ಅದೇ ಜಾತಿಯದು. ತಂದೆ, ಶಾಲೆ, ಸಂಸ್ಥೆ, ದೇಶ, ಬರೆಯುತ್ತಿರುವವನು, ಎಲ್ಲರೂ ತಪ್ಪಿತಸ್ಥರು. ಯಾರ ಪಾಲು ಎಷ್ಟು ಎಂಬ ಲೆಕ್ಕ ಓದುಗನಿಗೆ ಬಿಟ್ಟದ್ದು. ಅದಕ್ಕಿಂತ ತೊಡಕಿನ ಪ್ರಶ್ನೆ, ಜೀವನವಿಡೀ ಸುಳ್ಳು ಹೇಳಿದವನ ಕಾಗದವನ್ನು ನಂಬಬೇಕೆ? ನಾನು ಮುಕ್ಕಾಲು ಪಾಲು ನಂಬಿದೆ. ಬಶೀರ್ ಎದುರು ಒಳ್ಳೆಯವನಾಗಿ ಕಾಣುವ ಆಸೆ ಅಲ್ಲಲ್ಲಿ ಇಣುಕುತ್ತದೆ. ಗ್ಯಾರಕ್‌ಗೆ ಬಶೀರ್ ಮೇಲೆ ಇದ್ದದ್ದು ಬರೀ ಸ್ನೇಹವಲ್ಲ, ಆಕರ್ಷಣೆ ಎಂದು ತಿಳಿದೇ ಮೊದಲ ದಿನದಿಂದ ಪಾತ್ರ ಮಾಡಿದೆ ಎಂದು ರಾಬಿನ್ಸನ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಹಾಗೆ ಓದಿದರೆ ಕಾಗದದ ದನಿ ಇನ್ನೂ ಒದ್ದೆಯಾಗುತ್ತದೆ.

ಕುಂದುಗಳಿಲ್ಲವೇ? ಇವೆ. ಪ್ಯಾಲನ್‌ಡೀನ್ ಕೊನೆಯವರೆಗೂ ಒಂದು ನೆನಪಾಗಿಯೇ ಉಳಿಯುತ್ತಾಳೆ, ಹೆಂಗಸಾಗಿ ಬೆಳೆಯುವುದಿಲ್ಲ. ರಾಜಕೀಯದ ಭಾಗ ಅವಸರದ್ದು. ಕಾಲದಿಂದ ಕಾಲಕ್ಕೆ ಜಿಗಿಯುವಾಗ ನಡುವಿನ ನೂರು ಪುಟ ಜೋಲುತ್ತದೆ. ಧಾರಾವಾಹಿ ನೋಡದವರಿಗೆ ಎರಡನೆಯ ಎಳೆ ಪೂರಾ ಹತ್ತುವುದಿಲ್ಲ. ಸ್ವತಂತ್ರ ಕಾದಂಬರಿಯಾಗಿ ಅಳೆದರೆ ಇದು ಮಹಾಕೃತಿಯಲ್ಲ. ಆದರೆ ಟೈ-ಇನ್ ಎಂಬ ಕಾರಣಕ್ಕೆ ಬಾಗಿಲ ಪಕ್ಕ ಕೂರಿಸುವ ಕೃತಿಯೂ ಅಲ್ಲ.

ಈ ಪುಸ್ತಕ ವಂಶವನ್ನೂ ಬೆಳೆಸಿತು. ಬ್ರಿಟನ್ನಿನ ಲೇಖಕಿ ಊನಾ ಮೆಕಾರ್ಮಕ್ ಗ್ಯಾರಕ್ ಕಥೆಯನ್ನು ಮುಂದುವರಿಸಿದರು. 2017ರ 'ಎನಿಗ್ಮಾ ಟೇಲ್ಸ್'ನಲ್ಲಿ ನಮ್ಮ ದರ್ಜಿ ಕಾರ್ಡ್ಯಾಸಿಯದ ಆಡಳಿತದ ಮುಖ್ಯಸ್ಥ. ಅದಕ್ಕೂ ಮುಂಚೆ, 2009ರಲ್ಲಿ ಅವರು ಬರೆದ ಇನ್ನೊಂದು ಕಾದಂಬರಿಯ ಹೆಸರು 'ದಿ ನೆವರ್-ಎಂಡಿಂಗ್ ಸ್ಯಾಕ್ರಿಫೈಸ್'. 'ದಿ ವೈರ್' ಕಂತಿನಲ್ಲಿ ಗ್ಯಾರಕ್ ಬಶೀರ್‌ಗೆ ಓದಲು ಕೊಟ್ಟು, ಬಶೀರ್ ಆಕಳಿಸುತ್ತ ಓದಿದ ಕಾರ್ಡ್ಯಾಸಿಯದ ಕಾಲ್ಪನಿಕ ಕಾದಂಬರಿಯ ಹೆಸರದು. ಮೂಲ ಪುಸ್ತಕ ಬಹಳ ಕಾಲ ಅಚ್ಚಿನಲ್ಲಿರಲಿಲ್ಲ, ಹಳೆಯ ಪ್ರತಿಗಳಿಗೆ ಅಭಿಮಾನಿಗಳು ದುಬಾರಿ ಬೆಲೆ ತೆತ್ತರು. 2023ರಲ್ಲಿ ಅದರ ಧ್ವನಿಪುಸ್ತಕ ಬಂತು. ಎಂಬತ್ತು ದಾಟಿದ ರಾಬಿನ್ಸನ್ ತಾವೇ ಗ್ಯಾರಕ್ ದನಿಯಲ್ಲಿ ಓದಿದ್ದಾರೆ. ಅಭಿಮಾನಿಗಳ ಮುಂದೆ ಓದಲೆಂದು ಬರೆದ ದಿನಚರಿಗೆ ಇದೇ ಸರಿಯಾದ ರೂಪ ಎಂದು ನನಗೆ ತೋರುತ್ತದೆ.

ಆಸಕ್ತಿ ಇರುವ ಕೇಳುಗರಿಗೆ ಒಂದು ಸಲಹೆ. ಏಳು ಸರಣಿಗಳನ್ನೂ ನೋಡುವ ಪುರುಸೊತ್ತು ಇಲ್ಲದಿದ್ದರೆ, 'ದಿ ವೈರ್' ನೋಡಿ, 1998ರ 'ಇನ್ ದ ಪೇಲ್ ಮೂನ್‌ಲೈಟ್' ನೋಡಿ, ಕೊನೆಯ ಕಂತು 'ವಾಟ್ ಯು ಲೀವ್ ಬಿಹೈಂಡ್' ನೋಡಿ. ಆಮೇಲೆ ಪುಸ್ತಕ ಹಿಡಿಯಿರಿ. ಓದುವುದಕ್ಕಿಂತ, ಸಾಧ್ಯವಾದರೆ, ಕೇಳಿ.